ಬೆಲೆ ಬಿದ್ದ ದಿನ ಕೊಳ್ಳುವವರು ಯಾರು? ಕಾಸರಗೋಡಿನ ಸಣ್ಣ ಕೃಷಿಕರಿಗೆ ಸರಕಾರ-ಖಾಸಗಿ ಜಂಟಿ ಯೋಜನೆಗಳ ಹೋಲಿಕೆ

ಐವತ್ತು ಸೆಂಟ್ಸಿನಿಂದ ಎರಡು ಎಕರೆವರೆಗೆ ತೋಟ ಇರುವವರನ್ನು, ಸ್ವಂತ ಜಾಗವೇ ಇಲ್ಲದೆ ಬೇರೆಯವರ ಬೈಲಿನಲ್ಲಿ ಬಾಳೆ, ತರಕಾರಿ ಮಾಡುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ದೊಡ್ಡ ತೋಟದವರು ಒಂದು ಯೋಜನೆಗೆ ಸೇರಿ ಕೈಸುಟ್ಟುಕೊಂಡರೆ ಆ ವರ್ಷದ ಲಾಭ ಕಡಿಮೆಯಾಗುತ್ತದೆ. ಸಣ್ಣವರು ಕೈಸುಟ್ಟುಕೊಂಡರೆ ಮನೆಯ ಚಿನ್ನ ಬ್ಯಾಂಕಿಗೆ ಹೋಗುತ್ತದೆ.

ನಮ್ಮ ಕಡೆ, ಅಂದರೆ ಕುಂಬಳೆಯಿಂದ ಪೆರ್ಲ, ಬದಿಯಡ್ಕ, ಮುಳ್ಳೇರಿಯದವರೆಗೆ, ಜಗಲಿಗೆ ಬಂದು ಕೂತು ಯೋಜನೆ ವಿವರಿಸುವವರು ಈಗ ಹೆಚ್ಚಾಗಿದ್ದಾರೆ. ಗಿಡ ಕೊಡುತ್ತೇವೆ, ಫಸಲನ್ನೂ ನಾವೇ ಕೊಳ್ಳುತ್ತೇವೆ ಎನ್ನುವವರು ಕೆಲವರು. ಷೇರು ಕಟ್ಟಿ, ನಿಮ್ಮದೇ ಕಂಪೆನಿ ಎನ್ನುವವರು ಇನ್ನು ಕೆಲವರು. ವಿಮೆ ಮಾಡಿಸಿ, ಅರ್ಧಕ್ಕಿಂತ ಹೆಚ್ಚು ಕಂತು ಸರಕಾರದ್ದು ಎನ್ನುವವರೂ ಇದ್ದಾರೆ. ಎಲ್ಲರ ಕಾಗದದಲ್ಲೂ ಎಲ್ಲಾದರೊಂದು ಕಡೆ ಸರಕಾರದ ಹೆಸರು ಇರುತ್ತದೆ. ಪಿಪಿಪಿ ಎಂದು ಕರೆಯುವ ಈ ವ್ಯವಸ್ಥೆಯಲ್ಲಿ ಸರಕಾರದ ಹಣ ಅಥವಾ ಸಂಶೋಧನೆ ಒಂದು ಕಡೆ, ಖಾಸಗಿಯವರ ಬಂಡವಾಳ ಅಥವಾ ಮಾರುಕಟ್ಟೆ ಇನ್ನೊಂದು ಕಡೆ, ನಡುವೆ ಕೃಷಿಕ. ಒಂದೇ ಹೆಸರಿನಡಿ ಬರುವ ಈ ಯೋಜನೆಗಳು ಒಳಗೆ ಒಂದಕ್ಕೊಂದು ತೀರಾ ಬೇರೆ.

ಅಳೆಯಲು ನಾನು ಬಳಸುವುದು ಮೂರು ಪ್ರಶ್ನೆ. ಬೆಲೆ ಬಿದ್ದ ದಿನ ಕೊಳ್ಳುವವರು ಯಾರು? ಹಣ ಕೈಗೆ ಬರುವುದು ಯಾವ ತಿಂಗಳು? ಸಹಿ ಹಾಕುವ ಕಾಗದ ನನಗೆ ಓದಲು ಬರುವ ಭಾಷೆಯಲ್ಲಿ ಇದೆಯೇ? ಮೂರರಲ್ಲಿ ಮೊದಲನೆಯದೇ ದೊಡ್ಡದು. ಅದು ಯಾಕೆ ದೊಡ್ಡದು ಎಂದು ನಮ್ಮ ಊರಿಗೆ ಕಲಿಸಿದ್ದು ಕೊಕ್ಕೊ.

ಕೊಕ್ಕೊ ಕಲಿಸಿದ ಪಾಠ

ಕ್ಯಾಡ್ಬರಿ ಕಂಪೆನಿ 1965ರಲ್ಲಿ ವಯನಾಡಿನ ಚುಂಡೇಲಿನಲ್ಲಿ ಕೊಕ್ಕೊದ ಪ್ರಾತ್ಯಕ್ಷಿಕೆ ತೋಟ ಮಾಡಿತು. ಎಪ್ಪತ್ತರ ದಶಕದಲ್ಲಿ ಕೊಕ್ಕೊ ಕೇರಳದಲ್ಲೂ ದಕ್ಷಿಣ ಕನ್ನಡದಲ್ಲೂ ಅಡಿಕೆ, ತೆಂಗಿನ ನಡುವಿನ ಬೆಳೆಯಾಗಿ ಹಬ್ಬಿತು. ಅಡಿಕೆ ತೋಟದ ನೆರಳು ಅದಕ್ಕೆ ಹಿತ, ಬೇಸಗೆಯಲ್ಲಿ ಅಡಿಕೆಗೆ ಬಿಟ್ಟ ನೀರೇ ಅದಕ್ಕೂ ಸಾಕು, ಉದುರಿದ ಎಲೆ ಬುಡಕ್ಕೆ ಗೊಬ್ಬರ. ಒಂದೇ ಜಾಗದಲ್ಲಿ ಎರಡನೆಯ ಆದಾಯ ಎಂದರೆ ಸಣ್ಣ ತೋಟದವರಿಗೆ ಅದಕ್ಕಿಂತ ಹೆಚ್ಚೇನು ಬೇಕು? ಗಿಡ ಸಿಕ್ಕಿತು, ಮಾಹಿತಿ ಸಿಕ್ಕಿತು, ಕೊಳ್ಳುವವರೂ ಇದ್ದರು.

1980ರ ಆಸುಪಾಸಿನಲ್ಲಿ ಜಾಗತಿಕ ಧಾರಣೆ ಕುಸಿಯಿತು. ಇಲ್ಲಿ ಕೊಳ್ಳುವವರೇ ಇಲ್ಲದ ಹಾಗಾಯಿತು. ಕೊಕ್ಕೊವನ್ನು ಅಡಿಕೆಯ ಹಾಗೆ ಅಟ್ಟದಲ್ಲಿ ಇಟ್ಟು ಕಾಯಲಾಗುವುದಿಲ್ಲ. ಹಣ್ಣಾದ ಕೋಡನ್ನು ಒಡೆದು, ಬೀಜ ತೆಗೆದು, ಐದಾರು ದಿನ ಹುಳಿ ಬರಿಸಿ, ಆಮೇಲೆ ಒಣಗಿಸಬೇಕು. ಹಸಿ ಬೀಜ ಮೂರು ಕಿಲೋ ಇದ್ದರೆ ಒಣಗಿ ಕೈಗೆ ಸಿಗುವುದು ಸುಮಾರು ಒಂದು ಕಿಲೋ. ಜಡಿಮಳೆಗಾಲದಲ್ಲಿ ಒಣಗಿಸುವ ಸೌಕರ್ಯ ಇಲ್ಲದವರ ಬೀಜ ಎರಡೇ ದಿನಕ್ಕೆ ಬೂಸಲು ಹಿಡಿಯುತ್ತದೆ. ಗಿಡಗಳನ್ನು ಬುಡಸಮೇತ ಕಡಿದು ಹಾಕಿದವರು ಆಗ ಬಹಳ ಮಂದಿ. ನಮ್ಮ ಅಜ್ಜ ಹೊಳೆಕರೆಯ ಸಾಲನ್ನು ಕಡಿಸಿದರು, ಮನೆ ಹಿಂದಿನದನ್ನು ಉಳಿಸಿದರು. ಉಳಿಸಿದ್ದಕ್ಕೆ ಕಾರಣ, ಅಷ್ಟು ಹೊತ್ತಿಗೆ ಕ್ಯಾಂಪ್ಕೊ ಖರೀದಿ ಸುರು ಮಾಡಿತ್ತು.

ಕ್ಯಾಂಪ್ಕೊ ಹುಟ್ಟಿದ್ದು 1973ರ ಜುಲೈ 11ರಂದು, ಅಡಿಕೆಯ ಧಾರಣೆ ಕುಸಿದ ಸಂಕಟದಿಂದ. ಕರ್ನಾಟಕ, ಕೇರಳ ಎರಡೂ ರಾಜ್ಯದ ಬೆಳೆಗಾರರನ್ನು ಸೇರಿಸಿಕೊಂಡ ಸಹಕಾರಿ ಅದು. ಸ್ಥಾಪಕಾಧ್ಯಕ್ಷರು ವಾರಣಾಸಿ ಸುಬ್ರಾಯ ಭಟ್ಟರು. ಕೊಕ್ಕೊ ಬಿದ್ದಾಗ ಎರಡೂ ಸರಕಾರಗಳು ಕೇಳಿಕೊಂಡವು, ಕ್ಯಾಂಪ್ಕೊ ಮಾರುಕಟ್ಟೆಗೆ ಇಳಿಯಿತು. ಕೊಂಡದ್ದನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರವಾಗಿ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ಬಂತು. ಇಷ್ಟನ್ನು ಹೇಳಿದ್ದು ಚರಿತ್ರೆಗಾಗಿ ಅಲ್ಲ. ಅದೇ ಗಿಡ, ಅದೇ ತೋಟ, ಅದೇ ಕೃಷಿಕ. ಒಂದು ವ್ಯವಸ್ಥೆಯಲ್ಲಿ ಧಾರಣೆ ಬಿದ್ದಾಗ ಖರೀದಿ ನಿಂತಿತು, ಇನ್ನೊಂದರಲ್ಲಿ ಖರೀದಿ ಆಗಲೇ ಸುರುವಾಯಿತು.

ಹಾಗೆಂದು ಕಂಪೆನಿಯ ಜತೆಗಿನ ಸಹಭಾಗಿತ್ವ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಕೇರಳ ಕೃಷಿ ವಿಶ್ವವಿದ್ಯಾನಿಲಯ ಮತ್ತು ಕ್ಯಾಡ್ಬರಿ ಸೇರಿ 1987ರಲ್ಲಿ ತೃಶ್ಶೂರಿನ ವೆಳ್ಳಾನಿಕ್ಕರೆಯಲ್ಲಿ ಆರಂಭಿಸಿದ ಕೊಕ್ಕೊ ಸಂಶೋಧನಾ ಯೋಜನೆ ನಮ್ಮ ದೇಶದ ಕೃಷಿಯಲ್ಲಿ ದೀರ್ಘಕಾಲ ಬಾಳಿದ ಜಂಟಿ ಯೋಜನೆಗಳಲ್ಲಿ ಒಂದು. ಸಿಸಿಆರ್‌ಪಿ ಎಂಬ ಹೆಸರಿನ ತಳಿಗಳು ಬಂದದ್ದು ಅಲ್ಲಿಂದ. ಹಣ ಕಂಪೆನಿಯದ್ದು, ವಿಜ್ಞಾನಿಗಳು ವಿಶ್ವವಿದ್ಯಾನಿಲಯದವರು, ಗಿಡ ಯಾರ ತೋಟಕ್ಕೂ ಹೋಗಬಹುದು, ಬೀಜ ಯಾರಿಗೂ ಮಾರಬಹುದು. ಬಡ ಕೃಷಿಕನಿಗೆ ಒಳ್ಳೆಯದಾಗುವ ಸಹಭಾಗಿತ್ವ ಇಂಥದ್ದು: ಜ್ಞಾನ ಹಂಚಿಕೆಯಾಗುತ್ತದೆ, ಕೈ ಕಟ್ಟಿಹಾಕುವುದಿಲ್ಲ.

2024ರಲ್ಲಿ ಕೊಕ್ಕೊದ ಜಾಗತಿಕ ಧಾರಣೆ ಟನ್ನಿಗೆ 10,000 ಡಾಲರ್ ದಾಟಿತು, ಆಮೇಲೆ ಇಳಿಯಿತು. ಏರಿದ ತಿಂಗಳುಗಳಲ್ಲಿ ತೋಟ ತೋಟಕ್ಕೆ ಬಂದು ಹಸಿ ಬೀಜ ಕೇಳಿದವರೆಲ್ಲ ಇಳಿದಾಗ ಬರುವುದಿಲ್ಲ. ಈಗ ಯಾರಾದರೂ ಕೊಕ್ಕೊ ಗಿಡ, ಖರೀದಿ ಭರವಸೆ ಎಂದು ಬಂದರೆ ಗಿಡ ತೆಗೆದುಕೊಳ್ಳಿ. ಅಡಿಕೆ ಇರುವ ತೋಟದಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ನೆಡಿ. ನಿಮಗೇ ಮಾತ್ರ ಮಾರುತ್ತೇನೆ ಎಂಬ ಒಕ್ಕಣೆ ಇದ್ದರೆ ಮಾತ್ರ ಸಹಿ ಹಾಕಬೇಡಿ. ಇನ್ನೊಂದು ಮಾತು: ಅಡಿಕೆಯ ಕೊಳೆರೋಗವೂ ಕೊಕ್ಕೊದ ಕರಿಕಾಯಿ ರೋಗವೂ ಒಂದೇ ಕುಲದ ರೋಗಾಣುವಿನಿಂದ ಬರುತ್ತವೆ. ಅಡಿಕೆಗೆ ಬೋರ್ಡೋ ಮದ್ದು ಬಿಡುವ ದಿನ ಕೊಕ್ಕೊವನ್ನೂ ಮರೆಯಬೇಡಿ. ಗಿಡ ಕೊಟ್ಟವರು ಇದನ್ನು ಹೇಳಿಕೊಡದಿದ್ದರೆ ಅವರ ಮಾರ್ಗದರ್ಶನ ಎಷ್ಟು ಎಂದು ಅಂದಾಜಾಗುತ್ತದೆ.

ಕರಾರು ಕೃಷಿ: ಕಾನೂನಿನ ನೆರಳು ಕಡಿಮೆ

ಕಂಪೆನಿಯ ಜತೆ ನೇರ ಕರಾರು ಮಾಡಿಕೊಳ್ಳುವವರು ಎರಡು ಸಂಗತಿ ತಿಳಿದಿರಬೇಕು. ಕರ್ನಾಟಕದಲ್ಲಿ ಇರುವ ಹಾಗೆ ಕೇರಳದಲ್ಲಿ ಎಪಿಎಂಸಿ ಕಾಯ್ದೆ, ಅಂದರೆ ಕೃಷಿ ಮಾರುಕಟ್ಟೆ ಸಮಿತಿಗಳ ಕಾಯ್ದೆ, ಇಲ್ಲ. ಯಾರ್ಡಿನ ಹರಾಜು, ಅದರ ದರಪಟ್ಟಿ ಎಂಬ ಆಧಾರ ಗಡಿಯ ಈಚೆ ನಮಗೆ ಇಲ್ಲ. ಕೇಂದ್ರ ಸರಕಾರ 2020ರಲ್ಲಿ ತಂದ ಕೃಷಿ ಕರಾರು ಕಾಯ್ದೆ ಆಗ ತಂದ ಇನ್ನೆರಡು ಕೃಷಿ ಕಾಯ್ದೆಗಳ ಜತೆ 2021ರಲ್ಲಿ ರದ್ದಾಯಿತು. ತಕರಾರು ಬಂದರೆ 1872ರ ಸಾಮಾನ್ಯ ಕರಾರು ಕಾಯ್ದೆ ಹಿಡಿದುಕೊಂಡು ಸಿವಿಲ್ ಕೋರ್ಟಿಗೆ ಹೋಗಬೇಕು. ಇಪ್ಪತ್ತು ಸಾವಿರ ರೂಪಾಯಿಯ ಬಾಳೆಗೊನೆಗೆ ವಕೀಲರ ಫೀಸು ಕೊಟ್ಟು ಕಾಸರಗೋಡಿಗೆ ಎಷ್ಟು ಸಲ ಬಸ್ಸು ಹತ್ತುತ್ತೀರಿ?

ಕರಾರಿನಲ್ಲಿ ಬೆಲೆಗಿಂತ ಮೊದಲು ಓದಬೇಕಾದದ್ದು, ಗುಣಮಟ್ಟ ತೀರ್ಮಾನಿಸುವವರು ಯಾರು ಎಂಬ ಸಾಲು. ತೂಗುವುದು ನಿಮ್ಮ ಅಂಗಳದಲ್ಲೋ ಅವರ ಗೋದಾಮಿನಲ್ಲೋ? ತಿರಸ್ಕೃತ ಮಾಲಿನ ಗಾಡಿ ಬಾಡಿಗೆ ಯಾರದ್ದು? ಬೆಲೆ ಕಿಲೋಗೆ ಎಷ್ಟೇ ಬರೆದಿರಲಿ, ಈ ಮೂರಕ್ಕೆ ಉತ್ತರ ಇಲ್ಲದ ಕಾಗದಕ್ಕೆ ತೂಕ ಇಲ್ಲ.

ಮದ್ದಿನ ವಿಷಯ ಇನ್ನೂ ಗಂಭೀರ. ಯಾವ ಮದ್ದು, ಎಷ್ಟು ಸಲ, ಯಾವಾಗ ಬಿಡಬೇಕು ಎಂಬುದನ್ನು ಕಂಪೆನಿ ತೀರ್ಮಾನಿಸುತ್ತದೆ ಎಂದು ಕೆಲವು ಕರಾರುಗಳಲ್ಲಿ ಇರುತ್ತದೆ. ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಿಲ್ಲೆ ಇದು. 2000ದಲ್ಲಿ ಅದು ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧಿಸಿತು. ನಮ್ಮ ಎಣ್ಮಕಜೆ ಪಂಚಾಯತಿನ ಮನೆಗಳಲ್ಲಿ ಅದರ ನೋವು ಇವತ್ತಿಗೂ ಹಾಸಿಗೆಯಲ್ಲಿ ಮಲಗಿದೆ. ನಮ್ಮ ನೆಲದ ಮೇಲೆ ಏನು ಬೀಳಬೇಕು ಎಂದು ತೀರ್ಮಾನಿಸುವ ಹಕ್ಕನ್ನು ಯಾವ ಬೆಲೆಗೂ ಬರೆದುಕೊಡಬೇಡಿ. ಈ ಒಂದು ವಿಷಯದಲ್ಲಿ ನಾನು ರಾಜಿ ಇಲ್ಲದವನು.

ಸಹಕಾರಿಯೋ, ಉತ್ಪಾದಕ ಕಂಪೆನಿಯೋ?

ಅತಿ ಹೆಚ್ಚು ಮಂದಿ ಕೇಳುವ ಪ್ರಶ್ನೆ ಇದು. ಎರಡರಲ್ಲೂ ಸದಸ್ಯ ಕೃಷಿಕನೇ ಮಾಲೀಕ, ಎರಡರಲ್ಲೂ ಒಬ್ಬನಿಗೆ ಒಂದೇ ಓಟು. ವ್ಯತ್ಯಾಸ ವಯಸ್ಸಿನಲ್ಲಿ ಮತ್ತು ಬೆನ್ನಿಗೆ ನಿಂತವರಲ್ಲಿ.

ಕ್ಯಾಂಪ್ಕೊದಂಥ ಸಹಕಾರಿಯ ಬಲ, ಅದಕ್ಕೆ ಗೋದಾಮು, ಕಾರ್ಖಾನೆ, ಉತ್ತರ ಭಾರತದ ಮಾರುಕಟ್ಟೆ ಎಲ್ಲ ಆಗಲೇ ಇದೆ. ಖಾಸಗಿ ಅಂಗಡಿಯವರೂ ಅದರ ದರವನ್ನು ನೋಡಿಯೇ ತಮ್ಮ ದರ ಹೇಳುತ್ತಾರೆ. ಸದಸ್ಯರಲ್ಲದವರಿಗೂ ಇದರಿಂದ ಉಪಕಾರ. ಕೊರತೆ ಎಂದರೆ ಮಳೆಗಾಲದ ಹಣ. ಆಟಿ ತಿಂಗಳಲ್ಲಿ ಮದ್ದಿಗೆ, ಕೂಲಿಗೆ, ಶಾಲೆಗೆ ಒಟ್ಟಿಗೆ ಹಣ ಬೇಕಾದಾಗ ಅಡಿಕೆ ಇನ್ನೂ ಮರದಲ್ಲಿ ಇರುತ್ತದೆ. ಆಗ ಮುಂಗಡ ಕೊಡುವವನು ಪರಿಚಯದ ಅಂಗಡಿಯವನು. ಕೊಟ್ಟ ಮೇಲೆ ಅಡಿಕೆ ಅವನಿಗೇ, ಅವನು ಹೇಳಿದ ದರಕ್ಕೇ, ಪಟೋರ, ಉಳ್ಳಿ ಎಂಬ ಕಡಿಮೆ ದರ್ಜೆಗೆ ಅವನು ವಿಂಗಡಿಸಿದ ಹಾಗೆಯೇ. ಅಂಗಡಿಯವನನ್ನು ದೂರಿ ಪ್ರಯೋಜನ ಇಲ್ಲ, ಕಷ್ಟಕ್ಕೆ ಆದವನು ಅವನು. ಆದರೆ ಆ ಮುಂಗಡವನ್ನು ಊರಿನ ಸಹಕಾರಿ ಸರ್ವೀಸ್ ಬ್ಯಾಂಕಿನ ಬೆಳೆಸಾಲದಿಂದ ತೀರಿಸುವ ದಾರಿ ಹುಡುಕದೆ ಸಹಕಾರಿಗೆ ಸದಸ್ಯರಾದರೆ ಸದಸ್ಯತ್ವ ಕಾಗದದಲ್ಲಿ ಮಾತ್ರ ಉಳಿಯುತ್ತದೆ.

ಉತ್ಪಾದಕ ಕಂಪೆನಿಗಳಿಗೆ, ಅಂದರೆ ಎಫ್‌ಪಿಒಗಳಿಗೆ, ಈಗ ಒತ್ತಾಸೆ ಹೆಚ್ಚು. 10,000 ಎಫ್‌ಪಿಒಗಳ ಕೇಂದ್ರ ಯೋಜನೆ 2020ರಲ್ಲಿ ಬಂತು. ಮೂರು ವರ್ಷಕ್ಕೆ 18 ಲಕ್ಷ ರೂಪಾಯಿವರೆಗೆ ನಿರ್ವಹಣಾ ನೆರವು, ಸದಸ್ಯರು ಕಟ್ಟಿದ ಷೇರಿಗೆ ಸಮನಾಗಿ ತಲಾ 2,000 ರೂಪಾಯಿವರೆಗೆ, ಒಟ್ಟು 15 ಲಕ್ಷಕ್ಕೆ ಮೀರದ ಅನುದಾನ, ಸಾಲಕ್ಕೆ ಖಾತರಿ. ಗುಡ್ಡಗಾಡಲ್ಲದ ಪ್ರದೇಶದಲ್ಲಿ ಕನಿಷ್ಠ 300 ಸದಸ್ಯರು ಬೇಕು. ಕಾಗದದಲ್ಲಿ ಒಳ್ಳೆಯ ಯೋಜನೆ. ಒಂದು ಕಂಪೆನಿಗೆ ನಾನೂ ಸಾವಿರ ರೂಪಾಯಿ ಷೇರು ಕಟ್ಟಿದ್ದೇನೆ. ಮೊದಲ ವರ್ಷ ಗೊಬ್ಬರ ಬಂತು, ತರಬೇತಿ ನಡೆಯಿತು, ಫೋಟೋ ತೆಗೆದರು. ಎರಡನೆಯ ವರ್ಷ ನೀರಿನ ಪೈಪು ಅಗ್ಗಕ್ಕೆ ಸಿಕ್ಕಿತು. ಅನುದಾನ ಮುಗಿದ ವರ್ಷ ಕಚೇರಿಗೆ ಬೀಗ ಬಿತ್ತು, ಮಹಾಸಭೆಯ ನೋಟೀಸು ಕೂಡ ಬರಲಿಲ್ಲ. ಸಾವಿರ ರೂಪಾಯಿ ಹೋದದ್ದಕ್ಕಿಂತ, ನನ್ನ ಮಾತು ಕೇಳಿ ಷೇರು ಕಟ್ಟಿದ ನೆರೆಕರೆಯ ಮೂರು ಮನೆಯವರ ಮುಖ ನೋಡುವುದು ಕಷ್ಟವಾಯಿತು. ಈ ಬರಹಕ್ಕೆ ಅದೂ ಒಂದು ಕಾರಣ.

ಹಾಗಾಗಿ ಸೇರುವ ಮೊದಲು ಕೇಳಿ: ನಾಲ್ಕನೆಯ ವರ್ಷ ಸಿಇಒನ ಸಂಬಳ ಎಲ್ಲಿಂದ? ಕಳೆದ ವರ್ಷ ಸದಸ್ಯರಿಂದ ಎಷ್ಟು ಮಾಲು ಕೊಂಡಿರಿ, ಯಾರಿಗೆ ಮಾರಿದಿರಿ? ಗೊಬ್ಬರ ಮಾರುವುದೊಂದೇ ವ್ಯಾಪಾರವಾಗಿದ್ದರೆ ಅದು ಅಂಗಡಿ. ಎರಡು ಮಹಾಸಭೆಗಳ ನಡುವೆ 15 ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು ಎಂದು ಕಾನೂನೇ ಹೇಳುತ್ತದೆ. ಹಿಂದಿನ ಸಭೆಯ ನಡಾವಳಿ ತೋರಿಸಿ ಎನ್ನಲು ಸಂಕೋಚ ಬೇಡ.

ಅಡಿಕೆ, ಕೊಕ್ಕೊ, ಕರಿಮೆಣಸು ಬೆಳೆಯುವವರು ಸಹಕಾರಿಯನ್ನೇ ಮೊದಲು ಹಿಡಿಯಿರಿ ಎಂಬುದು ನನ್ನ ಅಭಿಪ್ರಾಯ. ಸಹಕಾರಿಯ ಕೈ ಹೋಗದ ಹಲಸು, ತೆಂಗಿನ ತಿಂಡಿ, ಜೇನಿನಂಥವಕ್ಕೆ ಉತ್ಪಾದಕ ಕಂಪೆನಿ ಯೋಗ್ಯ, ಅದೂ ವ್ಯಾಪಾರ ಬಲ್ಲ ಒಬ್ಬರಾದರೂ ಒಳಗೆ ಇದ್ದರೆ.

ಸ್ವಂತ ಜಾಗ ಇಲ್ಲದವರಿಗೆ

ಮೇಲಿನ ಎಲ್ಲವೂ ಜಾಗದ ತೆರಿಗೆ ರಶೀದಿ ಇರುವವರ ಮಾತಾಯಿತು. ಬೈಲು ವಹಿಸಿಕೊಂಡು ಕೃಷಿ ಮಾಡುವವರ ಕೈಯಲ್ಲಿ ಬರೇ ಬಾಯಿಮಾತಿನ ಒಪ್ಪಂದ ಇರುತ್ತದೆ. ಬ್ಯಾಂಕು ಅವರನ್ನು ಕೃಷಿಕ ಎಂದೇ ಎಣಿಸುವುದಿಲ್ಲ. ಇವರಿಗೆ ಎರಡು ಬಾಗಿಲು ಇದೆ.

ಒಂದು, ವೆಜಿಟೇಬಲ್ ಆಂಡ್ ಫ್ರೂಟ್ ಪ್ರಮೋಶನ್ ಕೌನ್ಸಿಲ್ ಕೇರಳಂ. ಐರೋಪ್ಯ ಒಕ್ಕೂಟದ ನೆರವಿನಿಂದ ತೊಂಬತ್ತರ ದಶಕದಲ್ಲಿ ನಡೆದ ತೋಟಗಾರಿಕಾ ಯೋಜನೆಯ ಮುಂದುವರಿಕೆಯಾಗಿ 2001ರಲ್ಲಿ ರೂಪುಗೊಂಡ ಕಂಪೆನಿ ಇದು. ಷೇರಿನಲ್ಲಿ ಅರ್ಧ ಕೃಷಿಕರ ಗುಂಪುಗಳದ್ದು, ಶೇಕಡಾ 30 ರಾಜ್ಯ ಸರಕಾರದ್ದು, ಉಳಿದದ್ದು ಸಂಬಂಧಪಟ್ಟ ಸಂಸ್ಥೆಗಳದ್ದು. ಜಂಟಿ ಮಾಲೀಕತ್ವ ಎಂದರೆ ಹೀಗಿರಬೇಕು ಎಂದು ನನಗೆ ಅನಿಸುತ್ತದೆ. ಒಂದೊಂದು ಗುಂಪಿನಿಂದ ಮೂವರು ಮಾಸ್ಟರ್ ಫಾರ್ಮರ್‌ಗಳು: ಒಬ್ಬರು ಕೃಷಿ ತಂತ್ರಕ್ಕೆ, ಒಬ್ಬರು ಸಾಲಕ್ಕೆ, ಒಬ್ಬರು ಮಾರಾಟಕ್ಕೆ. ಗುಂಪಿನ ಸಂತೆಗೆ ಎಲ್ಲರೂ ಮಾಲು ತರುತ್ತಾರೆ, ವ್ಯಾಪಾರಿಗಳು ಅಲ್ಲಿಗೇ ಬಂದು ಕೊಳ್ಳುತ್ತಾರೆ. ಹತ್ತು ಗೊನೆ ಬಾಳೆ ಹಿಡಿದು ಒಬ್ಬರೇ ಪೇಟೆಗೆ ಹೋದರೆ ಸಿಗುವ ದರಕ್ಕೂ, ಐನೂರು ಗೊನೆ ಒಟ್ಟಿಗೆ ಇಟ್ಟು ವ್ಯಾಪಾರಿಯನ್ನು ಕರೆಸಿದಾಗ ಸಿಗುವ ದರಕ್ಕೂ ಇರುವ ಅಂತರವನ್ನು ಬಾಳೆ ಮಾಡಿದವರಿಗೆ ವಿವರಿಸಬೇಕಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಜಾಗದ ದಾಖಲೆ ಇಲ್ಲದವರಿಗೂ ಗುಂಪಿನ ಭರವಸೆಯ ಮೇಲೆ ಬ್ಯಾಂಕ್ ಸಾಲ ಸಿಗುವ ಕ್ರಮವನ್ನು ಮೊದಲಿನಿಂದಲೇ ಬೆಳೆಸಿದ್ದು ಈ ವ್ಯವಸ್ಥೆ.

ಇನ್ನೊಂದು ಬಾಗಿಲು ಹೆಂಗಸರಿಗೆ. 1998ರಲ್ಲಿ ಹುಟ್ಟಿದ, ಕೇರಳ ಸರಕಾರದ ಮಹಿಳಾ ಸಂಘಗಳ ಯೋಜನೆಯಾದ ಕುಟುಂಬಶ್ರೀಯಲ್ಲಿ 4ರಿಂದ 10 ಮಂದಿ ಸೇರಿ ಜೆಎಲ್‌ಜಿ, ಅಂದರೆ ಜಂಟಿ ಹೊಣೆಯ ಗುಂಪು ಮಾಡಿ ಪಾಳು ಬಿದ್ದ ಗದ್ದೆಯಲ್ಲಿ ಕೃಷಿ ಮಾಡಬಹುದು. ಬ್ಯಾಂಕ್ ಸಾಲ ಗುಂಪಿನ ಹೆಸರಿಗೆ, ಬಡ್ಡಿಗೆ ಸಹಾಯಧನ. ತಾಯಂದಿರೇ, ಗುಂಪು ಕಟ್ಟುವಾಗ ಜಾಗದ ಯಜಮಾನನ ಜತೆ ಎಷ್ಟು ವರ್ಷಕ್ಕೆ ಎಂಬುದನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಿ. ಕಾಡು ಕಡಿದು, ಹಟ್ಟಿಗೊಬ್ಬರ ಹಾಕಿ ನೆಲವನ್ನು ಹದಕ್ಕೆ ತಂದ ಮರುವರ್ಷವೇ ಜಾಗ ಬಿಡಿ ಎಂದವರಿದ್ದಾರೆ.

ಸಿಪಿಸಿಆರ್‌ಐಯ ತಂತ್ರಜ್ಞಾನ

ಸಿಪಿಸಿಆರ್‌ಐ ಎಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ಅದು ಇರುವ ಕಾಸರಗೋಡಿನ ಕೂಡ್ಲಿನಲ್ಲಿ 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿದೆ. ಇಷ್ಟು ಹತ್ತಿರ ಇದ್ದರೂ ಒಳಗೆ ಕಾಲಿಡದ ಕೃಷಿಕರು ನಮ್ಮಲ್ಲಿ ಎಷ್ಟಿಲ್ಲ! ಐಸಿನ ಪೆಟ್ಟಿಗೆಯಲ್ಲಿ ಹೊಂಬಾಳೆಯ ರಸವನ್ನು ಹುಳಿಯಾಗದ ಹಾಗೆ ಇಳಿಸುವ ಕಲ್ಪರಸ, ಅದರಿಂದ ಸಕ್ಕರೆ, ತೆಂಗಿನ ಚಿಪ್ಸು, ವರ್ಜಿನ್ ಎಣ್ಣೆ, ಇಂಥ ತಂತ್ರಗಳನ್ನು ಅವರು ಶುಲ್ಕ ಪಡೆದು ಉದ್ಯಮಿಗಳಿಗೆ, ಗುಂಪುಗಳಿಗೆ ಕೊಡುತ್ತಾರೆ, ತರಬೇತಿಯೂ ಉಂಟು.

ತಂತ್ರ ಒಳ್ಳೆಯದೇ. ಅಪಾಯ ಇರುವುದು ಯಂತ್ರದ ಸಾಲದಲ್ಲಿ. ಸುಮಾರು ಹತ್ತು ವರ್ಷದ ಹಿಂದೆ ಕೇರಳದಲ್ಲಿ ಹುಳಿಯಾಗದ ಹೊಂಬಾಳೆ ರಸಕ್ಕೆ, ಅಂದರೆ ನೀರಾಕ್ಕೆ, ಪರವಾನಿಗೆ ಕೊಟ್ಟಾಗ ಎಷ್ಟೋ ತೆಂಗು ಉತ್ಪಾದಕ ಕಂಪೆನಿಗಳು ಸಾಲ ಮಾಡಿ ಘಟಕ ಹಾಕಿದವು. ರಸ ಇಳಿಸುವ ಜನ ಸಿಗಲಿಲ್ಲ, ಕೆಡದಂತೆ ಮಾರುಕಟ್ಟೆ ಮುಟ್ಟಿಸುವುದು ಕಷ್ಟವಾಯಿತು, ಹಲವು ಘಟಕಗಳು ಸಾಲದಲ್ಲಿ ಮುಳುಗಿದವು. ಮೊದಲು ಚಿಪ್ಸಿನಂಥ ಕಡಿಮೆ ಬಂಡವಾಳದ್ದನ್ನು ಅಡುಗೆಮನೆಯ ಅಳತೆಯಲ್ಲಿ ಮಾಡಿ ಮಾರಿ ನೋಡಿ. ಬೇಡಿಕೆ ಕೈ ಮೀರಿದ ಮೇಲೆ ಯಂತ್ರ.

ವಿಮೆ

ಇದನ್ನು ಸಣ್ಣವರು ಬಿಡಬಾರದು, ಆದರೆ ಯಾವುದಕ್ಕೆ ಹಣ ಸಿಗುತ್ತದೆ ಎಂದು ತಿಳಿದೇ ಕಟ್ಟಬೇಕು. ಹವಾಮಾನ ಆಧಾರಿತ ವಿಮೆಯಲ್ಲಿ ಕಂತಿನ ಹೆಚ್ಚಿನ ಪಾಲು ಸರಕಾರದ್ದು. ತೋಟದ ಬೆಳೆಗೆ ಕೃಷಿಕನ ಪಾಲು ವಿಮಾ ಮೊತ್ತದ ಶೇಕಡಾ 5ನ್ನು ಮೀರುವುದಿಲ್ಲ. ಪರಿಹಾರ ನಿಂತಿರುವುದು ಹವಾಮಾನ ಕೇಂದ್ರದ ಮಳೆ, ಬಿಸಿಲಿನ ಲೆಕ್ಕದ ಮೇಲೆ. ನಿಮ್ಮ ತೋಟದಲ್ಲಿ ಕೊಳೆರೋಗ ಬಂದು ಅರ್ಧ ಅಡಿಕೆ ಉದುರಿದರೂ ಕೇಂದ್ರದ ಲೆಕ್ಕ ಮಿತಿಯೊಳಗೆ ಇದ್ದರೆ ಹಣ ಇಲ್ಲ. ಅಲ್ಲಿ ಲೆಕ್ಕ ಮೀರಿದರೆ, ನಿಮ್ಮಲ್ಲಿ ನಷ್ಟ ಇಲ್ಲದಿದ್ದರೂ ಹಣ ಬರುತ್ತದೆ. ಗುಡ್ಡೆಯ ಆಚೆ ಒಂದು ಮಳೆ, ಈಚೆ ಒಂದು ಮಳೆ ಬರುವ ನಮ್ಮ ಊರಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಕೇರಳ ಸರಕಾರ 1995ರಿಂದ ನಡೆಸುತ್ತಿರುವ ರಾಜ್ಯ ಬೆಳೆ ವಿಮೆ ಇದಕ್ಕಿಂತ ಬೇರೆ. ಅಲ್ಲಿ ನೋಡುವುದು ನಿಮ್ಮದೇ ತೋಟದಲ್ಲಿ ಬಿದ್ದ ಮರವನ್ನು. ಗಾಳಿಗೆ ಮರ ಬಿದ್ದರೆ ತುಂಡು ಮಾಡಿ ಸಾಗಿಸುವ ಮೊದಲು ಫೋಟೋ ತೆಗೆದು ಕೃಷಿ ಭವನಕ್ಕೆ ತಿಳಿಸಿ. ತೆಂಗಿಗೆ ತೆಂಗು ಅಭಿವೃದ್ಧಿ ಮಂಡಳಿಯ ವಿಮೆಯೂ ಇದೆ: ಕಂತಿನ ಅರ್ಧ ಮಂಡಳಿಯದ್ದು, ಕಾಲು ರಾಜ್ಯದ್ದು, ಕಾಲು ನಿಮ್ಮದು. 16ರಿಂದ 60 ವರ್ಷದ ಮರಕ್ಕೆ ವರ್ಷಕ್ಕೆ 14 ರೂಪಾಯಿ ಕಂತು, 1,750 ರೂಪಾಯಿ ವಿಮೆ ಎಂಬುದು ಅದರ ಪರಿಷ್ಕೃತ ಲೆಕ್ಕವಾಗಿತ್ತು. ಆ ಲೆಕ್ಕದಲ್ಲಿ ಇಪ್ಪತ್ತು ಮರಕ್ಕೆ ನಿಮ್ಮ ಕೈಯಿಂದ 70 ರೂಪಾಯಿ. ಈಗಿನ ದರವನ್ನೂ, ಸತ್ತ ಮರಗಳಲ್ಲಿ ಎಷ್ಟನ್ನು ಲೆಕ್ಕಕ್ಕೆ ಹಿಡಿಯುತ್ತಾರೆ ಎಂಬುದನ್ನೂ ಕಟ್ಟುವ ಮೊದಲು ಕೇಳಿಕೊಳ್ಳಿ. ಅಡಿಕೆಗೆ ಕೈಯಲ್ಲಿ ಹಣ ಕಡಿಮೆ ಇದ್ದರೆ ರಾಜ್ಯ ವಿಮೆ ಮೊದಲು, ಹವಾಮಾನ ವಿಮೆ ಆಮೇಲೆ.

ಕಾಗದದ ಭಾಷೆ

ಕೊನೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕರಾರು ಇಂಗ್ಲಿಷಿನಲ್ಲಿ, ಅರ್ಜಿ ಮಲಯಾಳದಲ್ಲಿ, ಓದುವವರು ಕನ್ನಡ ಶಾಲೆಯಲ್ಲಿ ಕಲಿತವರು. ಮನೆಯ ಹುಡುಗರಲ್ಲಿ ಕೇಳಿದರೆ "ಸಹಿ ಇಲ್ಲಿ ಹಾಕಿ ಸಾಕು" ಎನ್ನುತ್ತಾರೆ. ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶ ನಮ್ಮಂಥ ಭಾಷಾ ಅಲ್ಪಸಂಖ್ಯಾತರಿಗೆ ಕೇರಳದ 1969ರ ರಾಜಭಾಷಾ ಕಾಯ್ದೆಯಲ್ಲಿಯೇ ಉಂಟು. ಕೃಷಿ ಭವನದಲ್ಲಿ ಅದನ್ನು ಬಳಸಿ. ಖಾಸಗಿ ಕಂಪೆನಿಗೆ ಆ ಕಟ್ಟುಪಾಡು ಇಲ್ಲ. ಅವರಲ್ಲಿ ಕನ್ನಡ ಪ್ರತಿಯನ್ನು ನೀವೇ ಕೇಳಿ ಪಡೆಯಬೇಕು. ಕೊಡುವುದಿಲ್ಲ ಎಂದರೆ ಕಾಗದವನ್ನು ಒಂದು ವಾರ ಮನೆಯಲ್ಲಿ ಇಟ್ಟುಕೊಳ್ಳಲು ಕೇಳಿ, ಮಲಯಾಳ ಓದಬಲ್ಲ ಮೇಷ್ಟ್ರಿಗೋ ಸರ್ವೀಸ್ ಬ್ಯಾಂಕಿನ ಕಾರ್ಯದರ್ಶಿಗೋ ತೋರಿಸಿ. ಒಂದು ವಾರವೂ ಕಾಯಲಾರದವರು ಧಾರಣೆ ಬಿದ್ದ ವರ್ಷ ನಿಮಗಾಗಿ ಕಾಯುವವರಲ್ಲ.

ಕೃಷಿ ಭವನಕ್ಕೆ ಹೋಗುವಾಗ ಕೈಯಲ್ಲಿ ಇರಬೇಕಾದದ್ದು: ಈ ವರ್ಷದ ತೆರಿಗೆ ರಶೀದಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಮರಗಳ ಲೆಕ್ಕ ಬರೆದ ಒಂದು ಚೀಟಿ. ಕೃಷಿ ಅಧಿಕಾರಿ ತೋಟ ನೋಡಲು ಹೊರಡುವ ದಿನಗಳೂ ಇರುತ್ತವೆ, ಫೋನು ಮಾಡಿ ಹೋದರೆ ಬಸ್ಸಿನ ಹಣ ಉಳಿಯುತ್ತದೆ.